ಹುಳಿಯೇರುತ್ತಿರುವ ಸಮುದ್ರಕ್ಕೆ ಸೋಡಾ ಅಂಗಡಿಯವನ ದೂರು

ಗಾಜಿಪುರ, ಕಲಬುರಗಿ
ಮೇ, 2007

ಮಾನ್ಯ ಅರಬ್ಬಿ ಸಮುದ್ರದವರೇ,

ಸ್ಟೇಶನ್ ಬಜಾರದ ಗೋಲಿ ಸೋಡಾ ಅಂಗಡಿಯ ದತ್ತಪ್ಪ ಇಷ್ಟು ದೂರದಿಂದಲೇ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮನ್ನು ಕಣ್ಣಾರೆ ಕಂಡ ಭಾಗ್ಯ ನನಗಿಲ್ಲ. ಬೇಸಿಗೆಯಲ್ಲಿ ತುಟಿಗಿಳಿಯುವ ಬೆವರಿನ ರುಚಿಯಿಂದ ತಮ್ಮನ್ನು ಊಹಿಸಿಕೊಂಡಿದ್ದೇನೆ.

ನಾನು ಬಾಟಲಿಗೆ ತುಂಬುವ ಗ್ಯಾಸನ್ನೇ ತಾವು ಗಾಳಿಯಿಂದ ಕುಡಿಯುತ್ತಿದ್ದೀರೆಂದು ಕಾಲೇಜಿಗೆ ಹೋಗುವ ನನ್ನ ಮಗಳು ಹೇಳುತ್ತಾಳೆ. ಊರೂರಿನ ಗಾಡಿ, ಚಿಮಣಿಗಳು ಬಿಟ್ಟದ್ದನ್ನು ಕುಡಿದು ತಾವು ವರ್ಷದಿಂದ ವರ್ಷಕ್ಕೆ ಹುಳಿಯ ಕಡೆಗೆ ವಾಲುತ್ತಿದ್ದೀರಂತೆ, ಮೈಯೂ ಕಾಯುತ್ತಿದೆಯಂತೆ. ನಮ್ಮ ಕಸುಬಿನವರು ಇಷ್ಟು ದೊಡ್ಡವರೊಬ್ಬರಿದ್ದಾರೆಂದು ಕೇಳಿ ನನಗೆ ಹೆಮ್ಮೆಯೇ ಆಯಿತು.

ದೂರು ಇಷ್ಟೇ. ಉಳಿದ ನಿಂಬೆ ಸೋಡಾವನ್ನು ನಾವು ಚೆಲ್ಲುವುದಿಲ್ಲ, ಹಿತ್ತಾಳೆ ತಂಬಿಗೆ ತಿಕ್ಕುತ್ತೇವೆ. ತಂಬಿಗೆಯ ಹೊಳಪು ಕಂಡು ನಮ್ಮವ್ವ ಪುತಳಾಬಾಯಿ ತವರಿನಿಂದ ತಂದಿದ್ದ ಕವಡೆಗಳನ್ನೂ ಅದರಲ್ಲೇ ನೆನೆಹಾಕಿದಳು. ತೆಗೆದಾಗ ಅವು ಹೊಳಪು ಹೋಗಿ ಸುಣ್ಣದ ಹರಳಿನಂತಾಗಿದ್ದವು. ಆ ಕವಡೆಗಳನ್ನು ಉರುಳಿಸಿ ಆಡುವ ಚೌಕಾಬಾರಾದಲ್ಲಿ ಓಣಿಯಲ್ಲೇ ಸೋಲರಿಯದವಳನ್ನು ಅಂದು ಸಂಜೆ ಪಕ್ಕದ ಮನೆಯ ಮಸ್ತಾನಬಿ ಸೋಲಿಸಿದಳು. “ನಿನ್ನ ಸೋಡಾ ನನ್ನ ಕವಡಿ ತಿಂದದ. ಹೊಸಾವ ಬರೋತನಕ ನಾ ಈ ಮನಿಗಿ ಬರಲ್ಲ” ಎಂದವಳೇ ಕಮಲಾಪುರದ ನನ್ನ ತಂಗಿಯ ಮನೆ ಸೇರಿದಳು. ಸೂಪರ್ ಮಾರ್ಕೆಟ್ಟಿನಿಂದ ಒಯ್ದ ಪ್ಲಾಸ್ಟಿಕ್ ಕವಡೆಗಳನ್ನು ನನ್ನ ಮೇಲೇ ಎಸೆದಳು. ಅವಳು ಅಲ್ಲಿ ಕೆಂಪು ಬಾಳೆಹಣ್ಣು ತಿನ್ನುತ್ತ ಸುಖವಾಗಿದ್ದಾಳೆ. ಬೈಯುವವರಿಲ್ಲದೆ ನನಗೆ ಮನೆ ಬಿಕೋ ಎನ್ನುತ್ತಿದೆ.

ಒಂದು ಲೋಟ ಸೋಡಾ ಇಷ್ಟು ಮಾಡಿದರೆ ತಮ್ಮ ಒಡಲಿನ ಶಂಖ, ಚಿಪ್ಪು, ಹವಳಗಳ ಗತಿಯೇನೆಂದು ನಿಜಕ್ಕೂ ಹೆದರಿಕೆಯಾಗುತ್ತದೆ. ಆದಕಾರಣ ತಾವು ಕೂಡಲೇ ಗ್ಯಾಸ್ ಕುಡಿಯುವುದನ್ನು ಬಿಡಬೇಕು. ಕುಡಿದದ್ದನ್ನು ತೇಗಲೂಬಾರದು, ಬಿಸಿಯಾದ ಸೋಡಾ ಗ್ಯಾಸ್ ಬಿಡುತ್ತದೆ, ಆ ಗ್ಯಾಸಿನಿಂದ ನಮ್ಮ ಬಿಸಿಲು ಇನ್ನಷ್ಟು ಏರುವುದು ಬೇಕಾಗಿಲ್ಲ. ಮೈ ತಣ್ಣಗಾಗಲು ಲಾರಿಯಲ್ಲಿ ಐಸ್ ಕಳಿಸುತ್ತೇನೆ, ಲಾರಿಯ ಹೊಗೆಯನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಹಾಗೆಯೇ, ಹೊಳಪು ಹೋಗದ ಕವಡೆಗಳು ಉಳಿದಿದ್ದರೆ ನಾಲ್ಕನ್ನು ಕಮಲಾಪುರಕ್ಕೆ ಕಳಿಸಿಕೊಡಬೇಕು.

ಒಂದೇ ಗ್ಯಾಸಿನ ಬಳಗದವನಾದ
ತಮ್ಮ ವಿಶ್ವಾಸಿ,
ದತ್ತಪ್ಪ

ತಾ.ಕ.: ಪತ್ರ ಓದಿದ ಮಗಳು, “ಗ್ಯಾಸ್ ಬಿಡೋರು ನಾವು, ಕುಡಿಯೋದು ಸಮುದ್ರ. ದೂರು ಯಾರು ಯಾರಿಗಿ ಕೊಡಬೇಕಪ್ಪಾ?” ಎಂದು ಕೇಳುತ್ತಿದ್ದಾಳೆ. ಹಾಗಾದರೆ ತಮ್ಮ ಕವಡೆಗಳನ್ನು ತಿಂದವರೂ ನಾವೇ. ದಯವಿಟ್ಟು ಮುನಿಸಿಕೊಳ್ಳಬೇಡಿ. ಅವ್ವನಾದರೆ ಕಮಲಾಪುರದಲ್ಲಿದ್ದಾಳೆ, ಬಸ್ಸು ಹತ್ತಿ ಹೋಗಿ ಕಾಲು ಹಿಡಿದೇನು. ತಾವು ಮುನಿಸಿಕೊಂಡರೆ ಯಾವ ಬಸ್ಸು ಹತ್ತಲಿ?