ಒಂದು ಬರೆದರೆ ಇನ್ನೊಂದು ತಾನೇ ಬರುತ್ತದೆ

ದೊಡ್ಡಬಳ್ಳಾಪುರದಲ್ಲಿ ಹನ್ನೆರಡು ಪವರ್‌ಲೂಮ್‌ಗಳ ಒಡೆಯರಾದ ನರಸಿಂಹಯ್ಯನವರಿಗೆ ಇಂಜಿನಿಯರುಗಳನ್ನು ಕಂಡರೆ ಆಗುತ್ತಿರಲಿಲ್ಲ. ಅಣ್ಣ ತಮ್ಮ ಇಬ್ಬರಿಗೂ ಸೇರಿ ಜೋಡಿಮನೆ ಕಟ್ಟಿಸುವುದೆಂದು ನಿಶ್ಚಯವಾದಾಗ, ಇಂಜಿನಿಯರ್ ಹತ್ತಿರ ಪ್ಲಾನ್ ಹಾಕಿಸೋಣ ಎಂದ ತಮ್ಮ ಕುಮಾರನ ಮೇಲೆ ಅವರು ಎಗರಿಬಿದ್ದರು.

"ಮೂವತ್ತು ವರ್ಷದಿಂದ ಸೀರೆ ಡಿಸೈನ್ ಬರೀತಿದೀನಿ ಕಣೋ. ಸೆರಗಲ್ಲಿ ಸಾವಿರ ನವಿಲು ಕೂರ್ಸಿದೋನಿಗೆ ಒಂದು ಮನೇಲಿ ಎಂಟು ಜನಾನ ಕೂರ್ಸೋಕಾಗಲ್ವಾ?"

ಅವರ ಹೆಂಡತಿ ರುಕ್ಮಿಣಮ್ಮ ಕೇಳಿದ್ದು ಒಂದೇ ವರ. ಮದುವೆಯಾಗಿ ಹದಿನೆಂಟು ವರ್ಷ ಆಕೆ ಅಡುಗೆ ಮಾಡಿದ್ದು ಮಗ್ಗದ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ. ಹಾರಿಬಂದ ನೂಲಿನ ಧೂಳು ನೇರ ಸಾರಿಗೇ ಬೀಳುತ್ತಿತ್ತು. (ತಟ್ಟೆಯಲ್ಲಿ ಸಿಕ್ಕ ಎಳೆಯ ಬಣ್ಣ ನೋಡಿ, ಇವತ್ತು ಮಗ್ಗದ ಮೇಲೆ ಯಾವ ಸೀರೆ ಇದೆ ಎಂದು ಮನೆಯವರು ಊಟಕ್ಕೆ ಕೂತಲ್ಲೇ ಹೇಳುತ್ತಿದ್ದರು.) ಮಗ್ಗದ ಸದ್ದಿಗೆ ಎದುರಾಗಿ ಕೂಗಿ ಕೂಗಿ, ಆಕೆ ಮದುವೆಮನೆಯಲ್ಲಿ ಗುಟ್ಟು ಹೇಳಿದರೂ ಧಾರೆಮಂಟಪಕ್ಕೆ ಕೇಳಿಸುತ್ತಿತ್ತು.

"ನನಗೆ ಒಡವೆ ಬೇಡ, ವಸ್ತ್ರ ಬೇಡ. ಅಡುಗೆಮನೆ ಅಗ್ನಿಮೂಲೇಲಿರ್ಬೇಕು, ಮಗ್ಗದಿಂದ ದೂರ ಇರ್ಬೇಕು. ಒಗ್ಗರಣೆ ಚಟಪಟ ಅನ್ನೋದು ನನ್ನ ಕಿವೀಗೆ ಬೀಳ್ಬೇಕು. ಅಷ್ಟೇ!"

"ಕೊಟ್ಟೆ," ಎಂದರು ನರಸಿಂಹಯ್ಯನವರು. ಮನಸ್ಸಿಟ್ಟೇ ಅಂದರು, ಆ ಸಾರಿನ ವಿಷಯದಲ್ಲಿ ಅವರಿಗೂ ಒಳಗೊಳಗೇ ನಾಚಿಕೆಯಿತ್ತು.

ಏಳು ಭಾನುವಾರ ಬೆಳಗಿನ ಟೀವಿ ಧಾರಾವಾಹಿ ತ್ಯಾಗ ಮಾಡಿ, ಸೀರೆಯ ಗ್ರಾಫ್ ಹಾಳೆಯ ಮೇಲೆ ಪ್ಲಾನು ಬರೆದರು. ಸೈಟಿಗೆ ಉತ್ತರದಲ್ಲಿ ರಸ್ತೆ. ಪಡುವಲ ಅಂಚಿಗೆ ಮಗ್ಗದ ಶೆಡ್ಡು ಆಗಲೇ ಎದ್ದು, ಅದರಲ್ಲಿ ಹನ್ನೆರಡರ ಪೈಕಿ ನಾಲ್ಕು ಮಗ್ಗ ಆಡುತ್ತಿದ್ದವು. (ನೇಕಾರ ಮೊದಲು ಮಗ್ಗಕ್ಕೆ ಮನೆ ಕಟ್ಟುತ್ತಾನೆ, ತನಗೆ ಆಮೇಲೆ.) ಅಡುಗೆಮನೆ ಶೆಡ್ಡಿಗೆ ಬಲುದೂರ, ಆಗ್ನೇಯದ ತುದಿಯಲ್ಲಿ. ಅದರ ಪಡುವಲ ಮಗ್ಗುಲಿಗೆ ತಮ್ಮ ಮಧ್ಯಾಹ್ನದ ನಿದ್ದೆಗೆಂದು ಒಂದು ವಿಶ್ರಾಂತಿಮಂದಿರ: ತೂಗುಮಣೆ, ರೇಡಿಯೋ ಗೂಡು, ಹಿಂದಿನ ಹೊಲದ ಕಡೆಗೆ ಕಿಟಕಿ. ನಿಜ ಹೇಳಬೇಕೆಂದರೆ, ಅಡುಗೆಮನೆಗಿಂತ ಹೆಚ್ಚು ಪೆನ್ಸಿಲ್ಲು ಸವೆದದ್ದು ಅಲ್ಲೇ.

ಆದರೆ ಬರೆದದ್ದು ಒಂದೇ ಮನೆ. ಸೆರಗಿನಲ್ಲಿ ಎದುರುಬದುರು ಎರಡು ನವಿಲು ಬೇಕಾದರೆ ಯಾವ ನೇಕಾರನೂ ಎರಡು ಬರೆಯುವುದಿಲ್ಲ. ಒಂದು ಬರೆದರೆ ಸಾಕು, ಇನ್ನೊಂದು ಅದಕ್ಕೆ ಎದುರಾಗಿ ಮಗ್ಗದಲ್ಲಿ ತಾನೇ ಏಳುತ್ತದೆ. ಹಾಗೆಂದೇ ಮೂಡಲ ಅರ್ಧವನ್ನು ಬರೆದು, ಕೆಳಗೆ 'ಇದನ್ನೇ ಮಗುಚಿ ಹಾಕುವುದು' ಎಂದು ಬರೆದು, ಹಾಳೆಯನ್ನು ಗಾರೆ ಮೇಸ್ತ್ರಿ ಮುನಿಶಾಮಪ್ಪನ ಕೈಗಿತ್ತರು.

ಒಳ್ಳೆಯ ದಿನ ನೋಡಿ ಮೇಸ್ತ್ರಿ ಗೂಟ ಹೊಡೆದು, ದಾರ ಎಳೆದು, ಸುಣ್ಣದ ಪುಡಿ ಚೆಲ್ಲಿದ. ಹನ್ನೊಂದು ಗಂಟೆಗೆಲ್ಲ ಕೆಂಪು ಮಣ್ಣಿನ ಮೇಲೆ ಎರಡು ಬಿಳಿ ಮನೆ ಮಲಗಿದ್ದವು. ರುಕ್ಮಿಣಮ್ಮ ಗೋಡೆ ದಾಟದೆ, ಬಾಗಿಲು ಬಿಟ್ಟ ಕಡೆಯಿಂದಲೇ ಒಳಹೊಕ್ಕು, ಮೂಡಲ ತುದಿಯ ಅಡುಗೆಮನೆಯಲ್ಲಿ ನಿಂತು ಕಿವಿಗೊಟ್ಟರು.

"ಏನೂ ಕೇಳಿಸ್ತಿಲ್ಲ ಕಣ್ರೀ!" ಎಂದರು. ಕಣ್ಣಲ್ಲಿ ನೀರಾಡಿತು. ನರಸಿಂಹಯ್ಯನವರು ಮೀಸೆ ಮುಟ್ಟಿಕೊಂಡರು.

ಮೇಸ್ತ್ರಿ ಕೈ ಕೊಡವುತ್ತ ಬಂದ. "ಅಮ್ಮಾವ್ರೇ, ಅದು ಕುಮಾರಪ್ಪನೋರ ಪಾಲು. ಹಿರೀರು ಪಡುವಲಕ್ಕೆ, ಕಿರೀರು ಮೂಡಲಕ್ಕೆ, ಪದ್ಧತಿ ಅಲ್ವೇ? ನಿಮ್ಮ ಅಡುಗೆಮನೆ ಆ ಕಡೆ."

ರುಕ್ಮಿಣಮ್ಮ ಆ ಕಡೆ ಹೋದರು. ಮಗುಚಿದ ಅಡುಗೆಮನೆ ಮಗ್ಗದ ಶೆಡ್ಡಿನ ಗೋಡೆಗೆ ಹೋಗಿ ಒರಗಿಕೊಂಡಿತ್ತು.

"ಏನ್ರೀ ಇದು?" ಈ ಪ್ರಶ್ನೆ ಬಹುಶಃ ತಾಲ್ಲೂಕು ಕಛೇರಿಗೂ ಕೇಳಿಸಿರಬೇಕು.

"ಅದು... ಮಗುಚಿದಾಗ... ಈಗ ಜೋಡಿ ನವಿಲನ್ನೇ ತಗೋ..."

"ನವಿಲು ಸಾರು ಮಾಡಲ್ಲ ಕಣ್ರೀ!"

ಕುಮಾರ ಒಳ್ಳೆಯವನು. "ಅಣ್ಣ, ಅದಕ್ಕೇನು? ಅತ್ತಿಗೆ ಮೂಡಲ ಕಡೆ ಇರ್ಲಿ, ನಾನೂ ನನ್ನ ಹೆಂಡ್ತೀನೂ ಈ ಕಡೆ ಬರ್ತೀವಿ," ಎಂದ.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತಮ್ಮನ ಮುಂದೆ, ಮೇಸ್ತ್ರಿಯ ಮುಂದೆ, ತಪ್ಪಾಯಿತೆಂದು ಒಪ್ಪುವುದುಂಟೇ? ನರಸಿಂಹಯ್ಯನವರು ಸೆಟೆದು ನಿಂತರು. "ಛೆ! ಯಜಮಾನ ಎಲ್ಲಿರ್ಬೇಕೋ ಅಲ್ಲೇ ಇರ್ಬೇಕು. ಶಾಸ್ತ್ರ ಅಂದ್ರೆ ಶಾಸ್ತ್ರ!"

ರುಕ್ಮಿಣಮ್ಮ ಮಗುಚಿದ ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದರು. ಆಮೇಲೆ ಮೇಸ್ತ್ರಿಯನ್ನು ಕೇಳಿದರು. "ನಮ್ಮ ಪಾಲಿಗೆ ಅಗ್ನಿಮೂಲೆ ಯಾವ್ದಪ್ಪಾ?"

"ಈ ಪಕ್ಕದ ರೂಮು ಅಮ್ಮಾವ್ರೇ. ಸಾವ್ಕಾರ್ರು ತೂಗುಮಣೆ ಬರ್ದವ್ರಲ್ಲ, ಅದೇ."

"ನಾನೀಗ ನಿಂತಿರೋದು?"

"ನೈಋತ್ಯ. ಅದು ಮನೆ ಯಜಮಾನ್ರು ಮಲಗೋ ಮೂಲೆ."

"ಶಾಸ್ತ್ರ ಅಂದ್ರೆ ಶಾಸ್ತ್ರ. ಅಲ್ವೇನ್ರೀ?" ಎಂದು ರುಕ್ಮಿಣಮ್ಮ ತುಂಬ ಮೆಲ್ಲಗೆ ಕೇಳಿದರು. ಹದಿನೆಂಟು ವರ್ಷದಲ್ಲಿ ಹೆಂಡತಿಯ ಅಂಥ ದನಿ ಕೇಳದಿದ್ದ ನರಸಿಂಹಯ್ಯನವರು ಒಂದು ಹೆಜ್ಜೆ ಹಿಂದೆ ಸರಿದರು.

ಉತ್ತರಕ್ಕೆ ಕಾಯದೆ ಆಕೆ ತೂಗುಮಣೆಯ ಜಾಗದಲ್ಲಿ ಒಲೆಯ ಕಟ್ಟೆ ಎಲ್ಲಿ ಬರಬೇಕೆಂದು ಕಾಲಲ್ಲೇ ಗೆರೆ ಎಳೆದು ತೋರಿಸಿದರು. ಹೊಲದ ಕಡೆಯ ಕಿಟಕಿ ಹೇಗೂ ಇತ್ತು. ಯಜಮಾನರು ಯಜಮಾನರ ಮೂಲೆಗೆ ಹೋಗಿ ನಿಂತರು. ಗೋಡೆಯಾಚೆ ನಾಲ್ಕು ಮಗ್ಗಗಳು ಒಟ್ಟಿಗೇ ಟಕಟಕ ಎನ್ನುತ್ತಿದ್ದವು.

"ಸಾವ್ಕಾರ್ರೇ," ಮೇಸ್ತ್ರಿ ದೂರದಿಂದ ಕೂಗಿದ, "ನಿಮ್ಮ ರೂಮಿಗೆ ಪಡುವಲ ಕಡೆ ಕಿಟಕಿ ಇಡ್ಲಾ? ಇಟ್ರೆ ಶೆಡ್ಡೊಳಕ್ಕೇ ನೋಡ್ತದೆ!"

"ದೊಡ್ಡದೇ ಇಡಪ್ಪಾ," ಎಂದರು ರುಕ್ಮಿಣಮ್ಮ. "ಯಾವ ಮಗ್ಗದಲ್ಲಿ ಎಳೆ ಕಡೀತು ಅಂತ ಮಲಗಿದ ಕಡೆಯಿಂದ್ಲೇ ನೋಡ್ಕೋತಾರೆ."

"ಬೇಡ!" ಎಂದರು ನರಸಿಂಹಯ್ಯನವರು. ಮಗ್ಗದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.