ನೋವಿಲ್ಲದೆ ಕೀಳಲಾಗುವುದು

"ನೋಡ್ತಾ ಇರು! ಬರೋ ಭಾನುವಾರದೊಳಗೆ ಈ ಗಾಡೀನ ಹತ್ತಿಯ ಹಾಗೆ ಹಗುರ ಮಾಡಿ ನಿಲ್ಲಿಸ್ತೀನಿ. ಅದೂ ಜೇಬಿಂದ ಒಂದು ಕಾಸೂ ಬಿಚ್ಚದೆ!"

ಹಲ್ಲಿನ ಡಾಕ್ಟರು ಅಂಗಳದಲ್ಲಿ ನಿಂತು, ಸ್ಪ್ಯಾನರನ್ನು ಕತ್ತಿಯಂತೆ ಮೇಲೆತ್ತಿ ಈ ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು.

"ಕಾಸು ಬಿಚ್ಚಲ್ಲ ಅಂದ್ರೆ ಇನ್ನೇನು ಬಿಚ್ತೀರಿ?"

"ಗಾಡೀನ!"

ಡಾಕ್ಟರಿಗೆ ಈ ಪೌರುಷ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಕಾರಣ ಅವರ ಷಡ್ಡಕ, ಅಂದರೆ ನಾದಿನಿಯ ಗಂಡ. ಈ ಮಹಾಶಯ ಹೊಸ ಬೈಕು ಕೊಂಡು, ಅತ್ತೆಯ ಮನೆಯ ಊಟಕ್ಕೆ ಅದರ ಮೇಲೆಯೇ ಬಂದಿಳಿದಿದ್ದ. ಬಂದವನು ಸುಮ್ಮನೆ ಉಂಡು ಹೋಗಬಹುದಿತ್ತು. ಅಂಗಳದಲ್ಲಿ ನಿಂತಿದ್ದ ಡಾಕ್ಟರ ಹಳೆಯ ಬೈಕನ್ನು ತಟ್ಟಿ, "ಡಾಕ್ಟ್ರೇ, ಇದು ಬೈಕಲ್ಲ, ಚಕ್ರ ಕಟ್ಟಿದ ಬೀರು!" ಎಂದುಬಿಟ್ಟ. ಮನೆಯವರೆಲ್ಲ ಗೊಳ್ಳೆಂದು ನಕ್ಕರು. ಅತ್ತೆಯವರಂತೂ ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕರು. ಆ ಸೆಟ್ಟನ್ನು ಪುಕ್ಕಟೆ ಮಾಡಿಕೊಟ್ಟವರು ಯಾರು? ಇದೇ ಡಾಕ್ಟರು! ತಾವು ಕಟ್ಟಿಕೊಟ್ಟ ಹಲ್ಲುಗಳೇ ತಮ್ಮನ್ನು ನೋಡಿ ಕಿಸಿದಾಗ ಯಾರಿಗೆ ತಾನೇ ರಕ್ತ ಕುದಿಯುವುದಿಲ್ಲ?

ಊರಾಚೆ ಒಂದು ರೇಸ್ ಟ್ರ್ಯಾಕ್ ಇತ್ತು. ಆಗೊಂದು ಈಗೊಂದು ಭಾನುವಾರ ಅದನ್ನು ಸಾಮಾನ್ಯ ಜನಕ್ಕೂ ತೆರೆಯುತ್ತಿದ್ದರು. "ಭಾನುವಾರ ಅಲ್ಲಿಗೆ ಬನ್ನಿ, ನನ್ನ ಬೀರು ಹೇಗೆ ಹಾರುತ್ತೆ ತೋರಿಸ್ತೀನಿ" ಎಂದು ಡಾಕ್ಟರು ಎಲೆಯ ಮುಂದೆ ಕೂತೇ ಸವಾಲು ಹಾಕಿದರು.

ಕೀಳುವುದು ಡಾಕ್ಟರಿಗೆ ಹೊಸದಲ್ಲವಲ್ಲ! ಮೊದಲು ಹಿಂದಿನ ಸೀಟು ಹೋಯಿತು, ಅದರ ಬೆನ್ನಿಗೇ ಹಿಂದೆ ಕೂತವರು ಕಾಲಿಡುವ ಕಂಬಿಗಳೂ ಹೋದವು. ಸಾಮಾನು ಕಟ್ಟುವ ಕ್ಯಾರಿಯರು, ಹಿಂದಿನ ಮಡ್‌ಗಾರ್ಡು, ಕೊನೆಗೆ ಕನ್ನಡಿಗಳು.

"ಕನ್ನಡಿ ಏನು ಮಾಡಿತ್ತು ಪಾಪ? ಹಿಂದೆ ಬರೋರನ್ನ ನೋಡೋದು ಬೇಡ್ವಾ?" ಹೆಂಡತಿ ಕೇಳಿದರು.

"ಮುಂದಿರೋನಿಗೆ ಹಿಂದೆ ಯಾರಿದ್ರೆ ಏನೇ?"

"ಹಾರ್ನು?"

"ಬಾಯಿ ಇದೆಯಲ್ಲ!"

"ಅದೊಂದಕ್ಕೆ ನಿಮ್ಮಲ್ಲಿ ಬರ ಇಲ್ಲ ಬಿಡಿ. ರೀ, ಇಷ್ಟೆಲ್ಲ ಕಷ್ಟಪಡೋ ಬದಲು ಗಾಡಿ ಮೇಲೆ ಕೂರೋದನ್ನ ಸ್ವಲ್ಪ ಇಳಿಸಬಹುದಿತ್ತು" ಎಂದು ಹೆಂಡತಿ ಗಂಡನ ಹೊಟ್ಟೆಯತ್ತ ನೋಡಿದರು. ಡಾಕ್ಟರು ಉಸಿರು ಒಳಗೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ಕೆಲಸ ಮುಂದುವರಿಸಿದರು.

ಕಿತ್ತದ್ದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡುವುದು ಅವರಿಗೊಂದು ಆನಂದ. ಹಿಟ್ಟು ಅಳೆಯಲು ಹೋದ ಹೆಂಡತಿಗೆ ತಟ್ಟೆಯಲ್ಲಿ ಗ್ರೀಸು ಮೆತ್ತಿದ ಬೋಲ್ಟುಗಳು ಸಿಕ್ಕವು. ಅವತ್ತು ಮನೆಯಲ್ಲಿ ಒಲೆಗಿಂತ ಮೊದಲು ಬೇರೆಯೇ ಬೆಂಕಿ ಹೊತ್ತಿಕೊಂಡಿತು. ಆದರೆ ಡಾಕ್ಟರು ತಣ್ಣಗಾಗಲಿಲ್ಲ. ಚೈನ್ ಕವರಿನ ತಗಡಿಗೆ ತೂತು ಕೊರೆದರೆ ಇನ್ನಷ್ಟು ಹಗುರಾಗುತ್ತದೆಂದು ಅದನ್ನು ಕ್ಲಿನಿಕ್ಕಿಗೆ ಒಯ್ದರು. ಜನರ ಹಲ್ಲಿನ ತೂತು ಮುಚ್ಚುವ ಕೈ ತಗಡಿಗೆ ತೂತು ಹೊಡೆಯಲು ಹೊರಟಿತು! ಹಲ್ಲು ಕೊರೆಯುವ ಸೂಜಿ ಕಿರ್ರೆಂದು ಕಿರುಚಿ ಎರಡು ತುಂಡಾಯಿತು. ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಆ ಕಿರುಚಾಟ ಕೇಳಿ, ಹಲ್ಲುನೋವು ತಾನಾಗಿಯೇ ವಾಸಿಯಾಯಿತೆಂದು ಹೇಳಿ ಎದ್ದು ಹೋದ.

ಕಡೆಗೆ ಡಾಕ್ಟರ ಕಣ್ಣು ಸ್ಟ್ಯಾಂಡಿನ ಮೇಲೆ ಬಿತ್ತು. ಓಡುವ ಗಾಡಿಗೆ ನಿಲ್ಲುವ ಕಾಲು ಯಾಕೆ? ನಡುವಿನ ಸ್ಟ್ಯಾಂಡೂ ಹೋಯಿತು, ಪಕ್ಕದ್ದೂ ಹೋಯಿತು. ಗುಂಡಿ ಒತ್ತಿದರೆ ಇಂಜಿನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು ಕೈಗೆ ಬಂದಾಗ ಅದರ ಭಾರ ನೋಡಿ ಅವರಿಗೆ ಆನಂದಬಾಷ್ಪ ಬಂತು. ಅದರ ಹಿಂದೆಯೇ ಕಿಕ್ ಹೊಡೆಯುವ ಕೋಲೂ ಹೋಯಿತು.

"ಹಾಗಾದ್ರೆ ಸ್ಟಾರ್ಟ್ ಮಾಡೋದು ಹೇಗೆ?"

"ತಳ್ಕೊಂಡು ಓಡಿ ಹತ್ತೋದು. ವೀರರೆಲ್ಲ ಹಾಗೇ ಹತ್ತೋದು!"

"ಬ್ರೇಕಾದ್ರೂ ಇದೆಯಾ?"

"ಇದೆ."

"ಸದ್ಯ."

ಮರುದಿನದಿಂದ ವೀರರ ಪಾಡು ಶುರುವಾಯಿತು. ಗಾಡಿ ನಿಲ್ಲಿಸಲು ಎಲ್ಲಿ ಹೋದರೂ ಒಂದು ಗೋಡೆ ಬೇಕು, ಗೋಡೆ ಇಲ್ಲದಿದ್ದರೆ ಒಬ್ಬ ಮನುಷ್ಯ ಬೇಕು. ಕ್ಲಿನಿಕ್ಕಿಗೆ ಬಂದ ರೋಗಿಗಳಿಗೆ ಡಾಕ್ಟರು ಸರದಿಯ ಮೇಲೆ ಹ್ಯಾಂಡಲ್ ಹಿಡಿಸಿದರು. "ನೋವಿರೋದು ಬಾಯಲ್ಲಿ ತಾನೇ, ಕೈ ಗಟ್ಟಿಯಾಗಿದೆಯಲ್ಲ!" ಎಂಬುದು ಅವರ ವಾದ. ಹಿಂದಿನ ಮಡ್‌ಗಾರ್ಡು ಇಲ್ಲದ ಕಾರಣ ಬಿಳಿ ಕೋಟಿನ ಬೆನ್ನಿಗೆ ಸೊಂಟದಿಂದ ಕತ್ತಿನವರೆಗೆ ಕೆಸರಿನ ನಾಮ. ಒಮ್ಮೆ ಹಿಡಿದಿದ್ದ ರೋಗಿಗೆ ಸೀನು ಬಂತು. ಗಾಡಿ ವಾಲಿತು, ಬಾಗಿಲ ಪಕ್ಕದ ಬೋರ್ಡಿಗೆ ಬಡಿಯಿತು. 'ಹಲ್ಲು ನೋವಿಲ್ಲದೆ ಕೀಳಲಾಗುವುದು' ಎಂಬ ಬೋರ್ಡಿನಲ್ಲಿ 'ಹಲ್ಲು' ಮುರಿದು ಬಿತ್ತು. ಉಳಿದದ್ದು 'ನೋವಿಲ್ಲದೆ ಕೀಳಲಾಗುವುದು.' ಅದರ ಕೆಳಗೆ ಎಲ್ಲ ಕಿತ್ತು ಅಸ್ಥಿಪಂಜರವಾಗಿ ಬಿದ್ದ ಬೈಕು!

ಸ್ವಲ್ಪ ಹೊತ್ತಿಗೆ ಕ್ಲಿನಿಕ್ಕಿನ ನರ್ಸಮ್ಮ ಒಳಗೆ ಬಂದರು. "ಸಾರ್, ಹೊರಗೆ ಒಬ್ರು ಸ್ಕೂಟರ್ ತಂದಿದ್ದಾರೆ. ಸೈಲೆನ್ಸರ್ ಕೀಳೋಕೆ ಎಷ್ಟು ಹೊತ್ತಾಗುತ್ತೆ ಅಂತ ಕೇಳ್ತಿದ್ದಾರೆ."

ಭಾನುವಾರ ಬಂತು. ಬೆಳಿಗ್ಗೆ ಡಾಕ್ಟರು ಟ್ಯಾಂಕಿನ ಪೆಟ್ರೋಲನ್ನೂ ಇಳಿಸಿದರು. ಹೋಗುವ ದಾರಿಗೆ ಇಷ್ಟು, ಟ್ರ್ಯಾಕಿನ ಸುತ್ತುಗಳಿಗೆ ಇಷ್ಟು, ಬರುವ ದಾರಿಗೆ ಇಷ್ಟು ಎಂದು ಔಷಧಿ ಅಳೆದ ಹಾಗೆ ಅಳೆದು ಬಿಟ್ಟರು. ಷಡ್ಡಕನ ಹೆಂಡತಿಯಾದ ತಮ್ಮ ತಂಗಿಯ ಕಾರಿನಲ್ಲಿ ಹಿಂದೆಯೇ ಬಂದ ಹೆಂಡತಿ ಟ್ರ್ಯಾಕಿನ ಬಳಿ ಇಳಿದಾಗ ಡಾಕ್ಟರು ಗುಡುಗುಡು ಎನ್ನುವ ಬೈಕನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದರು.

"ಆಫ್ ಮಾಡಬಾರದಾ?"

"ಆಫ್ ಮಾಡಿದ್ರೆ ಮತ್ತೆ ತಳ್ಕೊಂಡು ಓಡಬೇಕು. ಶಕ್ತಿ ಉಳಿಸ್ಕೋಬೇಕು ಕಣೇ. ಸ್ವಲ್ಪ ಹಿಡ್ಕೋ, ಕೈ ಸೋತುಹೋಯ್ತು."

ಡಾಕ್ಟರೂ ಷಡ್ಡಕನೂ ಇದ್ದ ತಂಡದ ಸರದಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅಷ್ಟು ಹೊತ್ತೂ ಗಂಡ ಹೆಂಡತಿ ಸರದಿಯ ಮೇಲೆ ಬೈಕು ತಬ್ಬಿ ನಿಂತರು. ಬೈಕು ಅಷ್ಟು ಹೊತ್ತೂ ಸಮಾಧಾನವಾಗಿ ಗುಡುಗುತ್ತಲೇ ಇತ್ತು.

ಬಾವುಟ ಬೀಸಿದ್ದೇ ತಡ, ಆಗ ನೋಡಬೇಕಿತ್ತು ಡಾಕ್ಟರನ್ನು! ಸುಳ್ಳೇಕೆ ಹೇಳಬೇಕು, ಗಾಡಿ ನಿಜಕ್ಕೂ ಹಾರಿತು. ತಿರುವಿನಲ್ಲಿ ಷಡ್ಡಕನ ಹೊಸ ಬೈಕು ಗಬ್ಬದ ಎಮ್ಮೆಯ ಹಾಗೆ ಹೊರಳುತ್ತಿದ್ದರೆ, ಡಾಕ್ಟರದು ಮೀನಿನ ಹಾಗೆ ನುಸುಳಿತು. ಒಂದು ಸುತ್ತಿನಲ್ಲಿ ಬಾಲ ಹಿಡಿದರು, ಮುಂದಿನ ಸುತ್ತಿನಲ್ಲಿ ಒಳಗಿನಿಂದ ನುಗ್ಗಿ ಹಿಂದಿಕ್ಕಿದರು. ಕಟ್ಟೆಯ ಮೇಲೆ ಕೂತಿದ್ದ ಹೆಂಡತಿ ತಂಗಿ ಪಕ್ಕದಲ್ಲಿರುವುದನ್ನೂ ಮರೆತು, ಎದ್ದು ನಿಂತು, "ಬಿಡಬೇಡಿ ರೀ! ಬಿಡಬೇಡಿ!" ಎಂದು ಕೂಗಿದರು. ಆ ಕೂಗು ಹೆಲ್ಮೆಟ್ಟಿನೊಳಗೂ ಕೇಳಿಸಿತೆಂದು ಡಾಕ್ಟರು ಇಂದಿಗೂ ಹೇಳುತ್ತಾರೆ.

ಕೊನೆಯ ಸುತ್ತು. ಕೊನೆಯ ತಿರುವು. ಮುಂದೆ ಯಾರೂ ಇಲ್ಲ.

ಗುಡುಗುಡು. ಗುಡು. ಗು.

ಕಾಯುವಾಗ ಕುಡಿದ ಪೆಟ್ರೋಲಿನ ಲೆಕ್ಕವನ್ನು ಬೈಕು ಅಲ್ಲೇ ಚುಕ್ತಾ ಮಾಡಿತು. ಷಡ್ಡಕ ಪಕ್ಕದಿಂದ ಕೈ ಬೀಸಿಕೊಂಡು ಹಾದುಹೋದ. ಉಳಿದವರೂ ಹಾದುಹೋದರು. ಡಾಕ್ಟರು ಇಳಿದು ತಳ್ಳತೊಡಗಿದರು. ಧ್ವನಿವರ್ಧಕ ಗೊರಗುಟ್ಟಿತು: "ಎಲ್ಲರೂ ನಿಧಾನಿಸಿ, ಟ್ರ್ಯಾಕಿನ ಮೇಲೆ ಪಾದಚಾರಿಯೊಬ್ಬರು ಬರ್ತಿದ್ದಾರೆ."

ಷಡ್ಡಕ ಮನುಷ್ಯ ಕೆಟ್ಟವನಲ್ಲ. "ಡಾಕ್ಟ್ರೇ, ನನ್ನ ಗಾಡೀಲಿ ಬೇಕಾದಷ್ಟು ಪೆಟ್ರೋಲಿದೆ, ಸ್ವಲ್ಪ ಇಳಿಸ್ಲಾ?" ಎಂದ.

"ಬೇಡ! ನಮ್ಮದು ಹಗುರ ಗಾಡಿ. ಬಂಕಿನ ತನಕ ತಳ್ಕೊಂಡು ಹೋಗೋದು ನೀರು ಕುಡಿದಷ್ಟು ಸುಲಭ!"

ತಂಗಿ ಕಾರಿನ ಬಾಗಿಲು ತೆರೆದು, "ಬಾರೇ ಅಕ್ಕ" ಎಂದು ಕರೆದಳು. ಅಕ್ಕ ಒಮ್ಮೆ ಕಾರಿನ ನೆರಳನ್ನೂ ಒಮ್ಮೆ ಗಂಡನ ಕೆಂಪಾದ ಮುಖವನ್ನೂ ನೋಡಿದರು. "ನೀನು ಹೋಗೇ. ಇವರೊಬ್ರನ್ನೇ ಬಿಟ್ರೆ ದಾರೀಲಿ ಚಕ್ರಾನೂ ಕಿತ್ತು ಹಗುರ ಮಾಡ್ತಾರೆ" ಎಂದು ಉಳಿದುಕೊಂಡರು.

ರಸ್ತೆ ಏರಾಗಿತ್ತು. ಡಾಕ್ಟರು ಹ್ಯಾಂಡಲ್ ಹಿಡಿದರೆ ತಳ್ಳಲಾಗದು, ತಳ್ಳಿದರೆ ಹ್ಯಾಂಡಲ್ ಹಿಡಿಯಲಾಗದು. ಹಾಗಾಗಿ ಹೆಂಡತಿ ಹೆಲ್ಮೆಟ್ ಹಾಕಿಕೊಂಡು ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದರು, ಡಾಕ್ಟರು ಹಿಂದಿನಿಂದ ತಳ್ಳಿದರು. ಪೆಟ್ರೋಲ್ ಬಂಕು ಮುಟ್ಟುವಷ್ಟರಲ್ಲಿ ಅವರ ಅಂಗಿ ಮೈಗಂಟಿತ್ತು, ಮುಖಕ್ಕೆಲ್ಲ ಎಣ್ಣೆಯ ಮಸಿ, ನಾಲಿಗೆ ಹೊರಗೆ.

ಬಂಕಿನಲ್ಲಿ ಪೆಟ್ರೋಲ್ ಹಾಕುವ ಹಿರಿಯರೊಬ್ಬರು ಪೈಪು ಹಿಡಿದು ಬಂದವರು ಬೈಕನ್ನು ನೋಡಿ ಬೆಚ್ಚಿಬಿದ್ದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಅಯ್ಯಯ್ಯೋ ಮೇಡಂ! ಕನ್ನಡಿ ಇಲ್ಲ, ಸ್ಟ್ಯಾಂಡಿಲ್ಲ, ಕಿಕ್ಕರ್ ಇಲ್ಲ! ಎಲ್ಲಾ ಬಿಚ್ಕೊಂಡು ಹೋಗಿದ್ದಾರಲ್ಲ ಪಾಪಿಗಳು! ಪೊಲೀಸರಿಗೆ ಹೇಳಿದ್ರಾ?"

"ಇಲ್ಲ."

"ಯಾರ ಮೇಲಾದ್ರೂ ಅನುಮಾನ ಇದೆಯಾ? ಹೊರಗಿನವರಾ?"

ಹೆಂಡತಿ ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಂಡು, ಹಿಂದೆ ಏದುಸಿರು ಬಿಡುತ್ತಿದ್ದ ಡಾಕ್ಟರನ್ನು ಒಂದು ಸಲ ನೋಡಿದರು.

"ಹೊರಗಿನವರಲ್ಲ" ಎಂದರು. "ನಮ್ಮ ಮನೆಯವರೇ."

"ಛೆ ಛೆ, ಮನೆಯವರೇ ಹೀಗೆ ಮಾಡಿದ್ರೆ ಯಾರಿಗೆ ಹೇಳೋದು!" ಎಂದು ಹಿರಿಯರು ಲೊಚಗುಟ್ಟಿದರು. ಆಮೇಲೆ ಡಾಕ್ಟರ ಬೆನ್ನು ತಟ್ಟಿ, "ಪುಣ್ಯಾತ್ಮ, ದಾರೀಲಿ ನೀನಾದ್ರೂ ಸಿಕ್ಕಿ ತಳ್ಕೊಂಡು ಬಂದ್ಯಲ್ಲಪ್ಪ!" ಎಂದರು.