ಓರಗಿತ್ತಿ ನನಗಿಂತ ಮೊದಲು ಉಂಡ ಹೋಟ್ಲು

ಹೊಟ್ಟೆಕಿಚ್ಚು ತಾನಾಗಿ ನನ್ನನ್ನು ಹುಡುಕಿಕೊಂಡು ಬರುತ್ತದೆ ಮಾರಾಯ್ರೆ, ನಾನು ಕರೆಯುವುದೇ ಇಲ್ಲ. ಇವರ ಬ್ಯಾಂಕಿನವರು ಯಾವ ಊರಿಗೆ ಬೇಕಾದರೂ ವರ್ಗ ಮಾಡಲಿ, ನಾವು ಸಾಮಾನು ಬಿಚ್ಚುವುದರೊಳಗೆ ನನ್ನ ಹೊಟ್ಟೆ ಉರಿಸಲಿಕ್ಕೆ ಅಲ್ಲೊಂದು ಸಂಗತಿ ತಯಾರಾಗಿ ಕೂತಿರುತ್ತದೆ. ಅಹಮದಾಬಾದಿನಲ್ಲಿ ಅದು ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಇತ್ತು. ನನಗೆ ಗೊತ್ತಿರಲಿಲ್ಲ. ನನ್ನ ಓರಗಿತ್ತಿಗೆ ಗೊತ್ತಿತ್ತು.

ಕಲ್ಲು ಮತ್ತು ಎಲೆ

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಮೈದುನನಿಗೆ ವಡೋದರಾ ಹತ್ತಿರದ ಕೊಯಾಲಿಯಲ್ಲಿ ಕೆಲಸ, ಟೌನ್‌ಶಿಪ್ಪಿನಲ್ಲಿ ಮನೆ, ಮನೆ ಮುಂದೆ ಗುಲಾಬಿ ಗಿಡ. ಆ ಗುಲಾಬಿಯದ್ದೇ ಬೇರೆ ಹೊಟ್ಟೆಕಿಚ್ಚು, ಅದು ಈಗ ಬೇಡ.

ಒಂದು ಭಾನುವಾರ ಅವಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ಚಿತ್ರ. ಕಪ್ಪು ಕಲ್ಲು. ಅದರ ಮೇಲೆ ಒಂದು ಎಲೆ. ಸುತ್ತ ಅರಿಶಿನದ ಹಾಗೆ ಏನೋ ಹಳದಿ ಹುಡಿ. ನಾವು ಉಡುಪಿ ಕಡೆಯವರು. ಕಪ್ಪು ಕಲ್ಲಿಗೆ ಅರಿಶಿನ ಕಂಡರೆ ನಮಗೆ ನಾಗನಲ್ಲದೆ ಬೇರೆ ಎಂತ ನೆನಪಾಗಬೇಕು? ಪಾಪ, ಟೌನ್‌ಶಿಪ್ಪಿನಲ್ಲೂ ನಾಗನಿಗೆ ಪೂಜೆ ಮಾಡಿಸಿದ್ದಾಳೆ, ನನಗಿಂತ ದೈವಭಕ್ತೆ ಎಂದು ಸಣ್ಣಗೆ ಹೊಟ್ಟೆ ಉರಿದುಕೊಂಡೇ ಕೈಮುಗಿಯುವ ಚಿತ್ರ ಕಳಿಸಿದೆ.

ಕೂಡಲೇ ಫೋನು ಬಂತು. ಆಚೆ ಕಡೆ ನಗು ನಿಲ್ಲುವುದೇ ಇಲ್ಲ.

"ಅಕ್ಕಾ, ಎಂತಕ್ಕೆ ಕೈಮುಗಿದದ್ದು? ಅದು ಐದನೇ ಕೋರ್ಸು!"

ಆಮೇಲೆ ವಿವರಿಸಿದಳು. ಅದೊಂದು ಭಾರೀ ಹೆಸರಿನ ರೆಸ್ಟೋರೆಂಟು. ಅಲ್ಲಿ ನಮಗೆ ಬೇಕಾದ್ದು ಕೇಳುವ ಹಾಗಿಲ್ಲ. ಅವರಿಗೆ ಬೇಕಾದ್ದನ್ನು ಒಂದರ ನಂತರ ಒಂದು, ಒಂದೊಂದೇ ತುತ್ತು ತಂದಿಡುತ್ತಾರೆ. ಮೂರು ಗಂಟೆ ಕೂತು ಉಣ್ಣಬೇಕು. ಟೇಸ್ಟಿಂಗ್ ಮೆನು ಅಂತ ಹೆಸರು.

"ಎಲ್ಲಿ ಉಂಟು ಅದು?"

"ಬೋಡಕ್‌ದೇವ್‌ನಲ್ಲಿ. ನಿಮ್ಮ ಮನೆ ಹಿಂದೆಯೇ ಅಲ್ವಾ?"

"ಮತ್ತೆ ನಮ್ಮ ಮನೆಗೆ ಬರಬಾರದಿತ್ತಾ?"

"ಹೊಟ್ಟೆ ತುಂಬಿತ್ತು ಅಕ್ಕ."

ಕಲ್ಲಿನ ಮೇಲಿದ್ದದ್ದು ಇಲ್ಲಿಯವರ ಕೆಸುವಿನೆಲೆಯ ಪಾತ್ರಾ, ಎಂದರೆ ನಮ್ಮ ಪತ್ರೊಡೆಯ ಅಣ್ಣನೋ ತಮ್ಮನೋ. ಹುಟ್ಟಿದಂದಿನಿಂದ ತಿಂದುಕೊಂಡು ಬಂದ ಪತ್ರೊಡೆಗೆ ನಾನು ಕೈಮುಗಿದೆ.

ಆ ಹೊತ್ತೇ ನಿಶ್ಚಯ ಮಾಡಿದೆ. ದೀಪಾವಳಿಗೆ ಮನೆಯವರೆಲ್ಲ ಕೊಯಾಲಿಯಲ್ಲಿ ಸೇರುವುದು. ಅಷ್ಟರೊಳಗೆ ನಾನು ಅಲ್ಲಿ ಉಣ್ಣಬೇಕು. ಇಲ್ಲದಿದ್ದರೆ ಅವಳು ಒಂದೊಂದೇ ಕೋರ್ಸು ವರ್ಣಿಸುವುದು, ನಾನು ಚಕ್ಕುಲಿ ಕಡಿಯುತ್ತ ಕೇಳುವುದು. ಜೊತೆಗೆ ನಮ್ಮ ಮನೆಯಲ್ಲೇ ಇರುವ ಅತ್ತೆಯೂ ಬರಬೇಕು. ನಮ್ಮ ಸಂಸಾರದಲ್ಲಿ ನಾನು ಹೇಳಿದ್ದನ್ನು ಯಾರೂ ನಂಬುವುದಿಲ್ಲ, ಅತ್ತೆ ಹೇಳಿದರೆ ಎರಡನೇ ಮಾತಿಲ್ಲ.

ನೀರೂ ಇಲ್ಲದ ಊಟ

ಅಲ್ಲಿ ಟೇಬಲ್ ಸಿಗುವುದು ಮದುವೆಗೆ ಛತ್ರ ಸಿಗುವುದಕ್ಕಿಂತ ಕಷ್ಟ. ತಿಂಗಳ ಮೊದಲ ದಿನ ಬುಕಿಂಗ್ ತೆರೆಯುತ್ತದೆ, ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿದಿರುತ್ತದೆ. ಇವರು ಬ್ಯಾಂಕಿನ ಕೆಲಸ ಬದಿಗಿಟ್ಟು ಒತ್ತಿದರು, ನಾನು ಒಲೆ ಆರಿಸಿ ಒತ್ತಿದೆ. ಎರಡು ತಿಂಗಳು ಇಬ್ಬರಿಗೂ ಸಿಗಲಿಲ್ಲ. ಮೂರನೇ ತಿಂಗಳು ಇವರು ಬ್ಯಾಂಕಿನಿಂದಲೇ ಫೋನು ಮಾಡಿ ಕೂಗಿದರು: "ಸಿಕ್ಕಿತು ಮಾರಾಯ್ತಿ!" ಅಲ್ಲಿದ್ದ ಗ್ರಾಹಕರು ಸಾಲ ಮಂಜೂರಾಯಿತೆಂದು ತಿಳಿದು ಚಪ್ಪಾಳೆ ತಟ್ಟಿದರಂತೆ.

ಅತ್ತೆ ದಿನ ಯಾವುದೆಂದು ಕೇಳಿದರು. ಹೇಳಿದೆ. ಅವರು ಗೋಡೆಯ ಪಂಚಾಂಗದ ಕಡೆ ತಿರುಗಿಯೂ ನೋಡಲಿಲ್ಲ.

"ಏಕಾದಶಿ," ಅಂದರು.

ಅಳು ಬರುವ ಹಾಗಾಯಿತು. ಬುಕಿಂಗ್ ರದ್ದು ಮಾಡಲಿಕ್ಕೆ ಫೋನು ಮಾಡಿದೆ. ಅಲ್ಲಿಯ ಹುಡುಗಿಗೆ ಭಾರೀ ವಿನಯ. "ಏಕಾದಶಿಯಾ ಮೇಡಂ? ಚಿಂತೆಯೇ ಬೇಡ, ಫರಾಳಿ ಮೆನು ಮಾಡಿಕೊಡುತ್ತೇವೆ. ಸಾಬಕ್ಕಿ, ಬಟಾಟೆ, ಶೇಂಗಾ..." ಇಲ್ಲಿಯವರು ಉಪವಾಸದ ದಿನ ಬೇರೆ ದಿನಕ್ಕಿಂತ ಜಾಸ್ತಿ ಉಣ್ಣುತ್ತಾರೆ, ಅವರ ಪುಣ್ಯ.

"ನಮ್ಮ ಅತ್ತೆ ಸಾಬಕ್ಕಿಯನ್ನೂ ಮುಟ್ಟುವುದಿಲ್ಲ ಅಮ್ಮ. ನೀರು ಕೂಡ ಕುಡಿಯುವುದಿಲ್ಲ."

ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. "ಮೇಡಂ, ಏನೂ ಇಲ್ಲದ ಕೋರ್ಸು ಒಂದೋ ಎರಡೋ ಮಾಡಬಹುದಂತೆ. ಎಲ್ಲವೂ ಹಾಗೇ ಆದರೆ ಕಷ್ಟವಂತೆ."

ಸೂರತ್ತಿನಲ್ಲಿ ಅಭ್ಯಾಸ

ಆ ಬುಕಿಂಗ್ ಬಿಟ್ಟುಕೊಟ್ಟು, ಮತ್ತೆ ಒತ್ತಿ ಒತ್ತಿ ದೀಪಾವಳಿಗೆ ಸ್ವಲ್ಪ ಮೊದಲಿನ ಒಂದು ಮಧ್ಯಾಹ್ನ ಸಿಕ್ಕಿತು. ಆಗ ಹೊಸ ಚಿಂತೆ ಹಿಡಿಯಿತು. ಇವರು ಊಟಕ್ಕೆ ಕೂತರೆ ನಾನು ತುಪ್ಪ ತರುವಷ್ಟರಲ್ಲಿ ಕೈ ತೊಳೆದಿರುತ್ತಾರೆ. ಮೂರು ಗಂಟೆ ಹೇಗೆ ಕೂರುತ್ತಾರೆ? ಅಲ್ಲಿ ನನ್ನ ಮಾನ ಹೋಗುವುದು ಬೇಡ ಎಂದು ಎಲ್ಲರನ್ನೂ ಕರೆದುಕೊಂಡು ಸೂರತ್ತಿಗೆ ಹೋದೆ. ಅಲ್ಲಿ ನನ್ನ ಅಣ್ಣನಿಗೆ ಉಡುಪಿ ಹೋಟ್ಲು ಉಂಟು.

ಅಣ್ಣ ನನ್ನ ಮಾತು ಕೇಳಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲೇ ನಕ್ಕ. "ಒಂದು ಪಾರ್ಟಿ ಮೂರು ಗಂಟೆ ಕೂರ್ತದಾ? ಅಷ್ಟೊತ್ತಿಗೆ ನಾನು ಇಡೀ ಮದುವೆ ದಿಬ್ಬಣ ಎಬ್ಬಿಸಿ ಕಳಿಸ್ತೇನೆ." ನಗುತ್ತಿದ್ದರೂ ಮುಖ ಕಪ್ಪಿಟ್ಟಿತ್ತು. ಗಿರಾಕಿಗಳು ತಿಂಗಳುಗಟ್ಟಲೆ ಕಾಯುತ್ತಾರೆ ಎಂದದ್ದು ಅವನಿಗೆ ನಾಟಿತ್ತು. ಹೊಟ್ಟೆಕಿಚ್ಚು ನಮ್ಮ ತವರಿನದ್ದೇ, ನಾನು ಬೇರೆ ಎಲ್ಲಿಂದಲೋ ತಂದದ್ದಲ್ಲ.

ಆದರೂ ತಂಗಿಗಾಗಿ ಒಪ್ಪಿದ. ದೊಡ್ಡ ತಟ್ಟೆಯ ನಡುವೆ ಒಂದೇ ಇಡ್ಲಿ, ಪಕ್ಕದಲ್ಲಿ ಬೊಟ್ಟಿನಷ್ಟು ಚಟ್ನಿ. ನಿಧಾನ ನೋಡಬೇಕು, ನಿಧಾನ ಮೂಸಬೇಕು ಎಂದು ನಾನು ಇವರಿಗೆ ಹೇಳಿಕೊಡುತ್ತಿದ್ದೆ. ಭಾನುವಾರದ ರಶ್ಶು. ನಮ್ಮ ಕುರ್ಚಿಗಳ ಬೆನ್ನು ಹಿಡಿದು ಒಂದು ಸಂಸಾರವೇ ಸೀಟಿಗೆ ಕಾಯುತ್ತಿತ್ತು. ಅದರ ಯಜಮಾನ ಬಗ್ಗಿ ಕೇಳಿದ:

"ಆಂಟಿ, ಆ ಇಡ್ಲಿ ತಿನ್ನುತ್ತೀರೋ ಇಲ್ಲ ಆರತಿ ಎತ್ತುತ್ತೀರೋ?"

ಗಲ್ಲಾದಲ್ಲಿದ್ದ ಅಣ್ಣನಿಗೆ ಚಡಪಡಿಕೆ. ಅವನ ಹೋಟ್ಲಿನಲ್ಲಿ ಗಿರಾಕಿಯನ್ನು ಏಳಿ ಎನ್ನುವ ಕ್ರಮವಿಲ್ಲ. ಸುಮ್ಮನೆ ಮುಂದೆ ಸೋಂಪು ತಂದಿಡುವುದು. ಸೋಂಪು ಬಂತೆಂದರೆ ಊಟ ಮುಗಿಯಿತು ಎಂದರ್ಥ, ಎಂಥ ಗಿರಾಕಿಯೂ ಎದ್ದು ನಿಲ್ಲುತ್ತಾನೆ. ನಾವಿನ್ನೂ ಎರಡನೇ ಕೋರ್ಸಿಗೆ ಕಾಯುತ್ತಿದ್ದೆವು. ಅಣ್ಣ ಬಂದ, ಅಂಗಿಯ ಜೇಬಿನಿಂದ ಡಬ್ಬಿ ತೆಗೆದ, ಒಡಹುಟ್ಟಿದ ತಂಗಿಯ ತಟ್ಟೆಗೆ ಸೋಂಪು ಹಾಕಿದ.

ನಿಜವಾದ ಮೇಡಂ

ಊಟಕ್ಕೆ ಮೊದಲು ರೆಸ್ಟೋರೆಂಟಿನ ಹುಡುಗಿ ಫೋನು ಮಾಡಿ, ಯಾರಿಗಾದರೂ ಏನಾದರೂ ವರ್ಜ್ಯವಾ ಎಂದು ಕೇಳಿದಳು. ಅತ್ತೆ ಚಾತುರ್ಮಾಸ್ಯದ ವ್ರತ ಹಿಡಿಯುವವರು. ಒಂದು ತಿಂಗಳು ತರಕಾರಿ ಬಿಡಬೇಕು, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು. ಆಗ ನಡೆಯುತ್ತಿದ್ದದ್ದು ನಾಲ್ಕನೇ ತಿಂಗಳು, ದ್ವಿದಳ ವ್ರತ. ಎರಡು ಹೋಳಾಗುವ ಯಾವ ಬೇಳೆಯೂ ಆಗದು. ಕಡಲೆಹಿಟ್ಟೂ ಆಗದು.

ಕಡಲೆಹಿಟ್ಟು ಇಲ್ಲದೆ ಗುಜರಾತಿನಲ್ಲಿ ತಿನ್ನಲಿಕ್ಕೆ ಎಂತ ಉಂಟು ಹೇಳಿ? ಹುಡುಗಿ ಶೆಫ್‌ಗೇ ಫೋನು ಕೊಟ್ಟಳು. ಅವನು ಬೈಯುತ್ತಾನೆ ಎಂದುಕೊಂಡರೆ ಕುಣಿದೇಬಿಟ್ಟ. "ಇನ್ನೊಮ್ಮೆ ಹೇಳಿ! ಪ್ರತಿ ತಿಂಗಳೂ ಒಂದೊಂದು ಬಿಡುವುದಾ?" ನನಗೆ ಅಷ್ಟೆಲ್ಲ ಗೊತ್ತಿಲ್ಲ. ಅತ್ತೆಗೆ ಫೋನು ಕೊಟ್ಟೆ. ತರಕಾರಿಯವನ ಜೊತೆ ಚರ್ಚೆ ಮಾಡಿ ಮಾಡಿ ಅತ್ತೆಯ ಹಿಂದಿ ಗಟ್ಟಿಯಾಗಿದೆ. ಹುಣಿಸೆ ಇಲ್ಲದೆ ಹುಳಿ, ಮೆಣಸಿನಕಾಯಿ ಇಲ್ಲದೆ ಖಾರ, ಬೇಳೆ ಇಲ್ಲದೆ ಸಾರು, ಎಲ್ಲ ಹೇಳಿದರು. ನಾನು ಪಕ್ಕದಲ್ಲಿ ಕೂತು ಮೂಲಂಗಿ ಹೆಚ್ಚಿದೆ.

ಅಂದಿನಿಂದ ಅವನು ದಿನಾ ಫೋನು ಮಾಡತೊಡಗಿದ. ಒಂದು ದಿನ ನಾನೇ ಎತ್ತಿದೆ.

"ಮೇಡಂ ಇದ್ದಾರಾ?"

"ನಾನೇ ಮೇಡಂ. ಬುಕಿಂಗ್ ನನ್ನ ಹೆಸರಿನಲ್ಲೇ ಇರುವುದು."

"ನೀವಲ್ಲ. ನಿಜವಾದ ಮೇಡಂ."

ಮಳೆಗಾಲದ ಕಲ್ಲು

ಅಂತೂ ಆ ದಿನ ಬಂತು. ಪಟ್ಟೆ ಸೀರೆ ಉಟ್ಟೆ. ಐದು ನಿಮಿಷದ ದಾರಿಗೆ ಕಾರು ತೆಗೆಸಿದೆ. ಶೆಫ್ ಬಾಗಿಲಿಗೇ ಬಂದು ಅತ್ತೆಯ ಕಾಲಿಗೆ ಬಿದ್ದ. ನನ್ನನ್ನು ನೋಡಿ ತಲೆ ಆಡಿಸಿದ, ಅಷ್ಟೇ.

ಒಂದೊಂದೇ ಕೋರ್ಸು ಬಂತು. ಅತ್ತೆಗೆ ಬೇರೆಯೇ ಮಾಡಿದ್ದ. ಪ್ರತಿಯೊಂದನ್ನೂ ಅವರ ಪಕ್ಕ ಮಂಡಿಯೂರಿ ಕೂತು ವಿವರಿಸಿದ. ಅವರ ತಟ್ಟೆಯಲ್ಲಿದ್ದದ್ದೇ ನನಗೆ ಚಂದ ಕಾಣುತ್ತಿತ್ತು. ಇವರು ಮಾತ್ರ ನಾನು ಹೆಮ್ಮೆಪಡುವಷ್ಟು ನಿಧಾನ ಉಂಡರು. ಆಮೇಲೆ ನೋಡಿದರೆ ನಡುನಡುವೆ ನಿದ್ದೆ ಮಾಡುತ್ತಿದ್ದರು.

ನಾನು ಕಾಯುತ್ತಿದ್ದದ್ದು ಕಲ್ಲಿಗೆ. ಐದನೆಯದು ಬಂತು, ಕಲ್ಲಿಲ್ಲ. ಏಳನೆಯದೂ ಬಂತು, ಕಲ್ಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ: "ಆ ಕಪ್ಪು ಕಲ್ಲು, ಮೇಲೊಂದು ಎಲೆ?"

"ಅದು ಮಳೆಗಾಲದ್ದು ಮೇಡಂ. ಈಗ ಮೆನು ಬದಲಾಗಿದೆ."

ಎಂದರೆ ಕಲ್ಲು ಓರಗಿತ್ತಿಗೇ ಉಳಿಯಿತು. ಆ ಕ್ಷಣದಲ್ಲಿ ನನಗೆ ಸಿಹಿಯೂ ಸಿಹಿಯೆನಿಸಲಿಲ್ಲ. ನನ್ನ ಮುಖ ನೋಡಿ ಅತ್ತೆ ಮೆಲ್ಲ ಹೇಳಿದರು, "ಪತ್ರೊಡೆ ತಾನೇ? ದೀಪಾವಳಿ ಆಗಿ ಉತ್ಥಾನ ದ್ವಾದಶಿಗೆ ನನ್ನ ವ್ರತ ಮುಗಿದ ಮೇಲೆ ಮನೆಯಲ್ಲಿ ಮಾಡುವ. ಅರೆಯುವ ಅಮ್ಮಿಕಲ್ಲಿನ ಮೇಲೆ ಇಟ್ಟು ತಿನ್ನು."

ಜೊತೆಗೆ ಒಬ್ಬರು

ದೀಪಾವಳಿಗೆ ಕೊಯಾಲಿಯಲ್ಲಿ ಎಲ್ಲರ ಎದುರು ಅತ್ತೆ ಬಾಯಿ ಬಿಟ್ಟರು. ಶೆಫ್ ಕಾಲಿಗೆ ಬಿದ್ದದ್ದು, ಮಂಡಿಯೂರಿದ್ದು, ಎಲ್ಲ ಬಂತು. ಓರಗಿತ್ತಿಯ ಮುಖ ಇಷ್ಟಾಯಿತು. ನಾನು ಚಕ್ಕುಲಿ ಕಡಿದೆ. ಅಂಥ ಚಕ್ಕುಲಿ ಜನ್ಮದಲ್ಲಿ ತಿಂದಿರಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಆ ಶೆಫ್‌ನದ್ದೇ ಫೋನು. ತುಳಸಿಪೂಜೆ ಆದ ಮೇಲೆ ಅತ್ತೆಯ ವ್ರತದ ಅಡುಗೆಯದ್ದೇ ಹೊಸ ಮೆನು ಶುರುವಂತೆ. ಅಮ್ಮನಿಗಾಗಿ ಆ ಕಲ್ಲಿನ ಮೇಲಿನ ಎಲೆಯೂ ಮತ್ತೆ ಬರುತ್ತದಂತೆ. ಮೊದಲ ದಿನದ ಊಟಕ್ಕೆ ಅಮ್ಮ ಬರಲೇಬೇಕು, ಜೊತೆಗೆ ಒಬ್ಬರನ್ನು ಕರೆತರಬಹುದು.

ಒಬ್ಬರನ್ನು! ನಾನು ಅತ್ತೆಯ ಲೋಟಕ್ಕೆ ನೀರು ಹಾಕಿದೆ. ಓರಗಿತ್ತಿ ಅವರ ಬೆನ್ನಿಗೆ ದಿಂಬು ಇಟ್ಟಳು. ಅತ್ತೆ ಇಬ್ಬರನ್ನೂ ನೋಡಿದರು.

"ನೀವಿಬ್ಬರೂ ಅಲ್ಲಿ ಉಂಡಾಗಿದೆ. ಸೂರತ್ತಿನಲ್ಲಿ ನಿನ್ನ ಅಣ್ಣ ಪಾಪ, ಆ ಹೋಟ್ಲಿನ ಸುದ್ದಿ ಕೇಳಿ ಎಷ್ಟು ಸಣ್ಣ ಮುಖ ಮಾಡಿಕೊಂಡಿದ್ದರು. ಅವರಿಗೆ ಫೋನು ಮಾಡು."

ಹೊಸ ಮೆನುವಿನ ದಿನ, ದೀಪಾವಳಿ ಕಳೆದು ಕೊಯಾಲಿಯಲ್ಲೇ ಉಳಿದಿದ್ದ ಅತ್ತೆಯನ್ನು ಕರೆತಂದ ಓರಗಿತ್ತಿ ನನ್ನ ಮನೆಯಲ್ಲೇ ಉಳಿದಳು. ಅತ್ತೆಯೂ ಅಣ್ಣನೂ ಹಿಂದಿನ ರಸ್ತೆಯಲ್ಲಿ ಉಣ್ಣುತ್ತಿದ್ದರೆ ನಾವಿಬ್ಬರು ಇಲ್ಲಿ ಗಂಜಿ, ಉಪ್ಪಿನಕಾಯಿ. ಮದುವೆಯಾಗಿ ಬಂದಂದಿನಿಂದ ನಾನೂ ಅವಳೂ ಒಂದೇ ವಿಷಯಕ್ಕೆ ಒಟ್ಟಿಗೆ ಹೊಟ್ಟೆ ಉರಿದುಕೊಂಡದ್ದು ಅದೇ ಮೊದಲು. ಅವಳು ಇಷ್ಟು ಒಳ್ಳೆಯವಳೆಂದು ನನಗೆ ಗೊತ್ತೇ ಇರಲಿಲ್ಲ.

"ನಿಮ್ಮ ಅಣ್ಣನಿಗೆ ಕಲ್ಲೂ ಸಿಗ್ತದೆ ಅಕ್ಕ."

"ಸಿಗಲಿ. ಅವನಿಗೆ ಕಲ್ಲೂ ಒಂದೇ, ಕಡುಬೂ ಒಂದೇ."

ಅಂದುಕೊಂಡದ್ದಕ್ಕಿಂತ ಬೇಗ ಬೆಲ್ಲಾಯಿತು. ಅಣ್ಣನ ಮುಖದಲ್ಲಿ ಗೆದ್ದವನ ಕಳೆ.

"ಎಂತ ಅಣ್ಣ, ಇಷ್ಟು ಬೇಗ?"

"ಊಟ ಚೆಂದ ಇತ್ತು ತಂಗಿ, ಕಲ್ಲು ಬಂದಲ್ಲಿಗೆ ನನಗೆ ಸಾಕಾಯಿತು. ಆದರೆ ಪಕ್ಕದ ಟೇಬಲುಗಳಲ್ಲಿ ಎಲ್ಲ ತಟ್ಟೆ ಖಾಲಿ, ಜನ ಸುಮ್ಮನೆ ಕೂತಿದ್ದಾರೆ! ಹೋಟ್ಲು ನಡೆಸುವ ಕ್ರಮವಾ ಅದು? ಆ ಶೆಫ್ ಹುಡುಗನಿಗೆ ಸ್ವಲ್ಪ ಸಹಾಯ ಮಾಡುವ ಅಂತ ಎದ್ದು ಹೋಗಿ..."

ಅತ್ತೆ ಸೋಫಾದಲ್ಲಿ ಕೂತು ಮುಗಿಸಿದರು. "ಎಲ್ಲರ ತಟ್ಟೆಯ ನಡುವೆ ಒಂದೊಂದು ಚಿಟಿಕೆ ಸೋಂಪು ಇಟ್ಟು ಬಂದರು. ಆ ಜನ ಕೊನೆಯ ಕೋರ್ಸು ಇದೇ ಅಂತ ಫೋಟೋ ತೆಗೆದರು, ಕಣ್ಣು ಮುಚ್ಚಿ ತಿಂದರು, ನಿನ್ನ ಅಣ್ಣನಿಗೆ ಕೈಮುಗಿದು ಎದ್ದು ಹೋದರು. ಅರ್ಧ ಊಟ ಇನ್ನೂ ಒಳಗೇ ಉಂಟು. ಆ ಶೆಫ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ, ಇದನ್ನೆಲ್ಲ ಈಗ ಯಾರಿಗೆ ಬಡಿಸಲಿ ಅಂತ."

ನಾನು ಓರಗಿತ್ತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಐದು ನಿಮಿಷದ ದಾರಿ ಮಾರಾಯ್ರೆ. ಗಂಜಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಇಬ್ಬರೂ ಚಪ್ಪಲಿಗೆ ಓಡಿದೆವು. ಅವಸರದಲ್ಲಿ ಅವಳು ನನ್ನ ಚಪ್ಪಲಿ ಹಾಕಿದಳು, ನಾನು ಅಣ್ಣನದ್ದು ಹಾಕಿದೆ. ಆದರೂ ಬಾಗಿಲು ದಾಟಿದ್ದು ನಾನೇ ಮೊದಲು.